ನಮ್ಮ ಬೀದಿಯ ಹುಡುಗನಿಗೆ ಠಾಣೆಯಲ್ಲಿ ಹೊಡೆದಿದ್ದಾರೆ. ಹತ್ತು ದಿನ ಆಯಿತು, ಮನವಿಗೆ ಇನ್ನೂರು ಜನ ಸಹಿ ಹಾಕಿದ್ದಾರೆ. ಧರಣಿ ಕೂರೋದಾ, ಎಸ್ಪಿಯವರನ್ನು ಕಂಡು ಸಬ್ ಇನ್ಸ್‌ಪೆಕ್ಟರ್ ವರ್ಗಾವಣೆ ಕೇಳೋದಾ?

ಇನ್ನೂರು ಜನ ಸಹಿ ಹಾಕಿದ್ದಾರೆ ಅಂದಿರಿ. ನಮ್ಮಲ್ಲೂ ಹಾಕಿದ್ದರು, ಇನ್ನೂರ ಅರವತ್ತು ಜನ.

2022ರ ಫೆಬ್ರವರಿ. ನನ್ನ ಅಕ್ಕನ ಮಗ, ಆಗ 19 ವರ್ಷ, ಗ್ಯಾರೇಜಿನಲ್ಲಿ ಕೆಲಸ. ಬುಧವಾರ ಸಂಜೆ ಮಫ್ತಿಯಲ್ಲಿ ಇಬ್ಬರು ಬಂದು, ವಿಚಾರಣೆ ಇದೆ ಬಾ ಅಂತ ಬೈಕಿನಲ್ಲಿ ಮಧ್ಯೆ ಕೂರಿಸಿಕೊಂಡು ಹೋದರು. ಬೈಕ್ ಕಳವಿನ ಅನುಮಾನವಂತೆ. ಬಿಟ್ಟಿದ್ದು ಶನಿವಾರ ಮಧ್ಯಾಹ್ನ. ಬಂಧಿಸಿದ್ದೇವೆ ಅಂತ ಎಲ್ಲೂ ಬರೆದಿಲ್ಲ, ಕೋರ್ಟಿಗೆ ಕರೆದುಕೊಂಡು ಹೋಗಿಲ್ಲ, ಎಫ್‌ಐಆರ್‌ನಲ್ಲಿ ಹೆಸರಿಲ್ಲ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಅಂತ ಸಂವಿಧಾನದ 22ನೇ ವಿಧಿ ಹೇಳುತ್ತದೆ. ನಮ್ಮ ಹುಡುಗ ಮೂರು ರಾತ್ರಿ ಅಲ್ಲಿದ್ದ. ಅಕ್ಕ ದಿನಕ್ಕೆರಡು ಸಲ ಊಟದ ಡಬ್ಬಿ ತಗೊಂಡು ಹೋಗಿ ಗೇಟಿನಲ್ಲಿ ಕೊಟ್ಟು ಬರುತ್ತಿದ್ದಳು. ಈ ಡಬ್ಬಿ ಮಾತು ನೆನಪಿಟ್ಟುಕೊಳ್ಳಿ.

ಮನೆಗೆ ಬಂದಾಗ ಅವನ ಅಂಗಾಲು ಊದಿತ್ತು. ಗೋಡೆ ಹಿಡಿದು ನಡೆಯುತ್ತಿದ್ದ. ಅವತ್ತೇ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ, ಪೊಲೀಸರು ಹೊಡೆದಿದ್ದು ಅಂತಲೇ ಡಾಕ್ಟರಿಗೆ ಹೇಳಿ ಎಂಎಲ್‌ಸಿ, ಅಂದರೆ ಕಾನೂನಿಗೆ ಬೇಕಾಗುವ ಗಾಯದ ದಾಖಲೆ, ಮಾಡಿಸಿದೆವು. ಅದೊಂದು ಸರಿಯಾಗಿ ಮಾಡಿದೆವು. ಸೋಮವಾರ ಠಾಣೆ ಮುಂದೆ ಶಾಮಿಯಾನ ಹಾಕಿ ಕೂತೆವು. ಆಟೋದವರು ಬಂದರು, ಸಂಘಟನೆಗಳ ಹುಡುಗರು ಬಂದರು, ಬೀದಿಯ ಹೆಂಗಸರಂತೂ ಅಡುಗೆ ಬಿಟ್ಟು ಬಂದರು. ಡಿವೈಎಸ್ಪಿ ಹೊರಗೆ ಬಂದು ಎಲ್ಲರ ಎದುರು ಮನವಿ ಪತ್ರ ತಗೊಂಡರು, ನಾನು ನೋಡಿಕೊಳ್ಳುತ್ತೇನೆ ಅಂದರು. ಹನ್ನೊಂದನೇ ದಿನ ಆ ಠಾಣೆಯ ಸಬ್ ಇನ್ಸ್‌ಪೆಕ್ಟರ್‌ಗೆ ಪಕ್ಕದ ತಾಲ್ಲೂಕಿಗೆ ವರ್ಗ ಆಯಿತು. ನಾವು ಬೀದಿಯಲ್ಲಿ ಸಿಹಿ ಹಂಚಿದೆವು.

ಈಗ ನಮ್ಮ ತಪ್ಪು ಹೇಳುತ್ತೇನೆ. ಉದ್ದ ಆಗುತ್ತದೆ, ದಯವಿಟ್ಟು ಓದಿ.

ಆ ಮನವಿ ಪತ್ರ ಬರೆದವನು ನಾನೇ. ಅದರಲ್ಲಿ ಐದು ಬೇಡಿಕೆ ಇದ್ದವು. ಅಮಾನತು ಮಾಡಿ, ಪರಿಹಾರ ಕೊಡಿ, ಕ್ಷಮೆ ಕೇಳಿ, ಹೀಗೆ. ಹುಡುಗನನ್ನು ಯಾವ ದಿನ ಎಷ್ಟು ಗಂಟೆಗೆ ಒಳಗೆ ಕರೆದುಕೊಂಡು ಹೋದರು, ಎಷ್ಟು ಗಂಟೆಗೆ ಬಿಟ್ಟರು ಅಂತ ಬರೆದಿರಲಿಲ್ಲ. ಠಾಣೆಯ ಸಿಸಿಟಿವಿ ದೃಶ್ಯ ಅಳಿಸಬೇಡಿ ಅನ್ನುವ ಒಂದು ಸಾಲು ಇರಲಿಲ್ಲ. ಪ್ರತಿಗೆ ಸೀಲು ಹಾಕಿಸಿ ಸ್ವೀಕೃತಿಯನ್ನೂ ತಗೊಂಡಿರಲಿಲ್ಲ. ನಾಲ್ಕೂವರೆ ತಿಂಗಳಾದ ಮೇಲೆ ಒಬ್ಬ ವಕೀಲರು ಸಿಕ್ಕಿ, ಕ್ಯಾಮೆರಾ ದೃಶ್ಯ ಕೇಳಿದಿರಾ ಅಂದರು. ಆಗ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನಮ್ಮಲ್ಲಿ 30 ದಿನದ ದೃಶ್ಯ ಮಾತ್ರ ಉಳಿಯುತ್ತದೆ, ನೀವು ಕೇಳಿದ ದಿನಗಳದ್ದು ಲಭ್ಯವಿಲ್ಲ ಅಂತ ಎರಡು ಸಾಲಿನ ಉತ್ತರ ಬಂತು. ನಾವು ಧರಣಿ ಕೂತಿದ್ದಾಗ, ಘೋಷಣೆ ಕೂಗುತ್ತಿದ್ದಾಗ, ಸಿಹಿ ಹಂಚುತ್ತಿದ್ದಾಗ ಆ ದೃಶ್ಯ ನಮ್ಮ ಬೆನ್ನ ಹಿಂದಿನ ಕಟ್ಟಡದಲ್ಲೇ ಇತ್ತು. ಒಂದು ಹಾಳೆ ಕಾಗದ ಕೊಟ್ಟಿದ್ದರೆ ಸಾಕಿತ್ತು.

ಮುಂದೆ ನಾವು ದೂರು ಕೊಟ್ಟ ಕಡೆಯೆಲ್ಲ ಠಾಣೆಯವರ ವರದಿ ಒಂದೇ ಥರ. ಬುಧವಾರ ಸಂಜೆ ಕರೆಸಿದ್ದು ನಿಜ, ಅವತ್ತೇ ರಾತ್ರಿ ಕಳಿಸಿದ್ದೇವೆ, ಗಾಯ ಆಮೇಲೆ ಬೇರೆಲ್ಲೋ ಆಗಿರಬೇಕು. ಡಾಕ್ಟರ ಕಾಗದ ಗಾಯ ಇದೆ ಅನ್ನುತ್ತದೆ, ಎಲ್ಲಿ ಆಯಿತು ಅನ್ನೋದನ್ನು ಅದು ಸಾಬೀತು ಮಾಡೋಲ್ಲ. ಅಕ್ಕ ಗುರುವಾರ, ಶುಕ್ರವಾರ ಡಬ್ಬಿ ಕೊಟ್ಟಿದ್ದು ಗೇಟಿನಲ್ಲಿ. ಗೇಟಿಗೆ ಕ್ಯಾಮೆರಾ ಇತ್ತು. ತಾಯಿಯೊಬ್ಬಳು ಮಗನಿಗೆ ಊಟ ಕೊಡುವುದಕ್ಕಿಂತ ದೊಡ್ಡ ಸಾಕ್ಷಿ ಯಾವುದಿತ್ತು ಹೇಳಿ. ಅದನ್ನು ನಾನು ಕಳೆದೆ. ಅಕ್ಕ ಇವತ್ತಿಗೂ ನನಗೆ ಒಂದು ಮಾತು ಅಂದಿಲ್ಲ, ಅದೇ ಜಾಸ್ತಿ ಕಷ್ಟ.

ಹಾಗಾಗಿ ಧರಣಿಯೋ ಎಸ್ಪಿ ಭೇಟಿಯೋ ಅನ್ನುವ ಪ್ರಶ್ನೆಯೇ ತಪ್ಪು ಅಂತ ನನಗನ್ನಿಸುತ್ತದೆ. ಎರಡೂ ಆಮೇಲೆ ಮಾಡಬಹುದು, ಎರಡೂ ಕಾಯುತ್ತವೆ. ದೃಶ್ಯ ಕಾಯುವುದಿಲ್ಲ. ಇನ್ನು ವರ್ಗಾವಣೆಯನ್ನಂತೂ ಕೇಳಲೇಬೇಡಿ. ವರ್ಗಾವಣೆ ಶಿಕ್ಷೆ ಅಲ್ಲ. ಆ ಮನುಷ್ಯ ಇನ್ನೊಂದು ಊರಿನ ಠಾಣೆಯಲ್ಲಿ ಇನ್ನೊಬ್ಬ ತಾಯಿಯ ಮಗನ ಮುಂದೆ ನಿಂತಿರುತ್ತಾನೆ ಅಷ್ಟೆ. ನಮ್ಮ ಬೀದಿಯ ಸಿಟ್ಟು ಅವತ್ತೇ ತಣ್ಣಗಾಯಿತು, ಮುಂದಿನ ಸಭೆಗೆ ಒಂಬತ್ತು ಜನ ಬಂದಿದ್ದರು.

ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಏನು ಹೇಳಿದೆ ನೋಡಿ. ಪ್ರತಿ ಠಾಣೆಯ ಗೇಟು, ಲಾಕಪ್, ಮೊಗಸಾಲೆ, ಇನ್ಸ್‌ಪೆಕ್ಟರ್ ಕೋಣೆ ಎಲ್ಲ ಕಡೆ ಧ್ವನಿಯೂ ದಾಖಲಾಗುವ ಕ್ಯಾಮೆರಾ ಇರಬೇಕು. ದೃಶ್ಯ 18 ತಿಂಗಳು ಉಳಿಯಬೇಕು. ಅಂಥ ಉಪಕರಣ ಸಿಗದಿದ್ದರೆ ಕೊನೆಗೆ ಒಂದು ವರ್ಷವಾದರೂ. ತೊಂದರೆಗೊಳಗಾದವರಿಗೆ ಆ ದೃಶ್ಯವನ್ನು ಕಾಯ್ದಿರಿಸಿ ಅಂತ ಕೇಳುವ ಹಕ್ಕಿದೆ. ಜಿಲ್ಲೆಯಲ್ಲಿ ಇದನ್ನು ನೋಡಿಕೊಳ್ಳಲು ಒಂದು ಸಮಿತಿ ಇರಬೇಕು, ಜಿಲ್ಲಾಧಿಕಾರಿ, ಎಸ್ಪಿ ಇಬ್ಬರೂ ಅದರಲ್ಲಿ ಇರುತ್ತಾರೆ. ಆದೇಶ ಇಷ್ಟು ಚೆನ್ನಾಗಿದ್ದರೂ ನಮಗೆ ಬಂದ ಉತ್ತರ 30 ದಿನ. ಆದ್ದರಿಂದ ಆದೇಶ ನಂಬಿ ಸುಮ್ನೆ ಕೂರಬೇಡಿ. ನಿಮ್ಮದು ಹತ್ತು ದಿನ ಆಗಿದೆ ಅಂದಿರಿ, ಅಲ್ವಾ?

ಎಂಎಲ್‌ಸಿ ಆಗಿಲ್ಲದಿದ್ದರೆ ನಾಳೆಯೇ ಸರ್ಕಾರಿ ಆಸ್ಪತ್ರೆಗೆ ಹೋಗಿ. 15100ಕ್ಕೆ ಫೋನ್ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರದಿಂದ ನೆರವು ಸಿಗುತ್ತದೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕವಿಲ್ಲದೆ, ವಕೀಲರಿಲ್ಲದೆ ದೂರು ಕೊಡಬಹುದು, ಒಂದು ವರ್ಷದೊಳಗೆ. ಪೊಲೀಸ್ ದೂರು ಪ್ರಾಧಿಕಾರ ಅಂತಲೂ ಇದೆ. 2006ರ ಪ್ರಕಾಶ್ ಸಿಂಗ್ ತೀರ್ಪು ಪ್ರತಿ ರಾಜ್ಯದಲ್ಲೂ ಅದನ್ನು ಮಾಡಿ ಅಂದಿತು, ನಮ್ಮ ರಾಜ್ಯ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ನಮ್ಮ ಮೊದಲ ಸಭೆಯಲ್ಲಿದ್ದ ಯಾರಿಗೂ ಅದರ ಹೆಸರು ಗೊತ್ತಿರಲಿಲ್ಲ.

ಉಳಿದ ಆ ಒಂಬತ್ತು ಜನ ಈಗಲೂ ಸೇರುತ್ತೇವೆ. ಜಿಲ್ಲೆಯ ಒಂದೊಂದು ಠಾಣೆಗೂ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳುತ್ತೇವೆ. ಎಷ್ಟು ಕ್ಯಾಮೆರಾ, ಎಷ್ಟು ಕೆಲಸ ಮಾಡುತ್ತಿವೆ, ದೃಶ್ಯ ಎಷ್ಟು ದಿನ ಉಳಿಯುತ್ತದೆ. ಯಾರ ಮನೆಯ ಹುಡುಗನನ್ನು ಕರೆದುಕೊಂಡು ಹೋದರೂ ಮೊದಲು ಗಂಟೆ ಬರೆದಿಟ್ಟುಕೊಳ್ಳುತ್ತೇವೆ. ನಿಮ್ಮ ಇನ್ನೂರು ಜನರಲ್ಲಿ ಇಂಥ ಕೆಲಸಕ್ಕೆ ಕೂರುವವರು ಹತ್ತು ಜನ ಸಿಕ್ಕರೆ ಸಾಕು.

ಕಾಗದದ ಒಕ್ಕಣೆ ಹೀಗಿರಲಿ. ನಾವು ಬರೆಯಬೇಕಾಗಿದ್ದ ಕಾಗದ ಇದು:

"ಇಂಥ ದಿನ ಇಷ್ಟು ಗಂಟೆಯಿಂದ ಇಂಥ ದಿನ ಇಷ್ಟು ಗಂಟೆಯವರೆಗೆ ನನ್ನ ಮಗನನ್ನು ಇಂಥ ಠಾಣೆಯಲ್ಲಿ ಇರಿಸಿಕೊಂಡಿದ್ದರು. ಆ ಅವಧಿಯ ಎಲ್ಲ ಕ್ಯಾಮೆರಾಗಳ ದೃಶ್ಯ ಮತ್ತು ಧ್ವನಿಯನ್ನು ಅಳಿಸದೆ ಬೇರೆಯಾಗಿ ಕಾಯ್ದಿರಿಸಬೇಕೆಂದು, ಸುಪ್ರೀಂ ಕೋರ್ಟಿನ 2.12.2020ರ ಆದೇಶದಂತೆ ಕೋರುತ್ತೇನೆ."

ಕೆಳಗೆ ತಾಯಿಯ ಸಹಿ. ಮೂಲ ಎಸ್ಪಿಯವರಿಗೆ, ಪ್ರತಿ ಜಿಲ್ಲಾಧಿಕಾರಿಗೆ, ಠಾಣೆಗೆ, ಆಯೋಗಕ್ಕೆ. ಸ್ಪೀಡ್ ಪೋಸ್ಟಿನಲ್ಲೂ ಹಾಕಿ, ರಸೀದಿ ಇಟ್ಟುಕೊಳ್ಳಿ. ಸೋಮವಾರ ಕಚೇರಿ ತೆಗೆಯುವ ಹೊತ್ತಿಗೆ ಎಸ್ಪಿ ಕಚೇರಿಯ ಟಪಾಲು ವಿಭಾಗಕ್ಕೆ ಹೋಗಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಬೀಳುವವರೆಗೆ ಅಲ್ಲೇ ನಿಂತಿರಿ. ಇನ್ನೂರು ಜನ ಬೇಡ, ಇಬ್ಬರು ಹೋದರೆ ಸಾಕು.