ಧಾರವಾಡದ ಕೃಷಿಯೋ, ಬೆಂಗಳೂರಿನ ವಿಜ್ಞಾನವೋ?

ಪ್ರಶ್ನೆ: ನಾನು ಬ್ಯಾಡಗಿ ತಾಲ್ಲೂಕಿನ ಮೆಣಸಿನಕಾಯಿ ಬೆಳೆಗಾರರ ಮಗಳು. ಪಿಸಿಎಂಬಿ ಓದಿ ಪಿಯುಸಿ ಮುಗಿಸಿದ್ದೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಬಿ.ಎಸ್ಸಿ. ರಿಸರ್ಚ್ ಪದವಿಗೆ ಆಯ್ಕೆಯಾಗಿದ್ದೇನೆ. ಸಿಇಟಿಯಲ್ಲಿ ಕೃಷಿಕರ ಕೋಟಾದಡಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಕೃಷಿ ಸೀಟೂ ಸಿಕ್ಕಿದೆ. ಧಾರವಾಡದಲ್ಲಿ ಓದಿದರೆ ಕೃಷಿ ಅಧಿಕಾರಿಯಾಗಬಹುದು, ಊರಿಗೂ ಹತ್ತಿರ ಎನ್ನುತ್ತಾರೆ ಅಪ್ಪ. ವಿಜ್ಞಾನ ಸಂಸ್ಥೆಯ ಸೀಟು ಬಿಡುವುದು ಹುಚ್ಚುತನ ಎನ್ನುತ್ತಾರೆ ಉಪನ್ಯಾಸಕರು. ಅವ್ವನಿಗೆ ಬೆಂಗಳೂರಿನ ಹೆಸರು ಕೇಳಿದರೇ ಭಯ. ನಾನು ಹೈಸ್ಕೂಲಿನಲ್ಲಿದ್ದಾಗ ಕಪ್ಪು ಥ್ರಿಪ್ಸ್ ಎಂಬ ಸಣ್ಣ ಕೀಟ ಬಂದು ನಮ್ಮ ಬೆಳೆ ಹೋಯಿತು. ಹೆಚ್ಚು ಔಷಧಿ ಹೊಡೆದಿದ್ದ ನಮ್ಮ ಹೊಲವೇ ಪಕ್ಕದ ಹೊಲಕ್ಕಿಂತ ಮೊದಲು ಹಾಳಾದದ್ದು ಯಾಕೆ ಎಂಬುದು ಇಂದಿಗೂ ತಲೆಯಲ್ಲಿದೆ. ಗಣಿತದಲ್ಲಿ ಒಳ್ಳೆಯ ಅಂಕಗಳು ಬಂದಿವೆ, ಆದರೆ ಆ ವಿಷಯದ ಮೇಲೆ ಪ್ರೀತಿಯಿಲ್ಲ. ಎರಡೂ ಕಡೆ ಮುಂದಿನ ವಾರವೇ ಶುಲ್ಕ ಕಟ್ಟಬೇಕು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಧಾರವಾಡದ ಬಗ್ಗೆ ಇರುವುದು ನಿಮ್ಮ ತಂದೆಯ ಮಾತು, ಬೆಂಗಳೂರಿನ ಬಗ್ಗೆ ಇರುವುದು ಉಪನ್ಯಾಸಕರ ಮಾತು, ನಿಮ್ಮದೇ ಆಗಿ ಬಂದಿರುವುದು ಥ್ರಿಪ್ಸ್ ಕುರಿತ ಪ್ರಶ್ನೆ ಮತ್ತು ಗಣಿತದ ಮೇಲೆ ಪ್ರೀತಿಯಿಲ್ಲವೆಂಬ ಮಾತು. ಆದ್ದರಿಂದ ನನ್ನ ಉತ್ತರವನ್ನು ನಿಮ್ಮದೇ ಆದ ಆ ಎರಡು ಮಾತುಗಳ ಮೇಲೆಯೇ ನಿಲ್ಲಿಸುತ್ತೇನೆ.

ಅದಕ್ಕೂ ಮೊದಲು, ಧಾರವಾಡವೆಂದರೆ ನೌಕರಿ, ಬೆಂಗಳೂರೆಂದರೆ ಸಂಶೋಧನೆ ಎಂದು ನಿಮ್ಮ ಮನೆಯಲ್ಲಿ ಮಾಡಿಕೊಂಡಿರುವ ವಿಂಗಡಣೆ ಸರಿಯಲ್ಲವೆಂದು ಹೇಳಬೇಕು. 1986ರಲ್ಲಿ ಸ್ಥಾಪನೆಯಾದ ಧಾರವಾಡದ ವಿಶ್ವವಿದ್ಯಾಲಯ ಅಧಿಕಾರಿಗಳನ್ನು ತಯಾರಿಸುವ ಕಾಲೇಜು ಮಾತ್ರವಲ್ಲ. ತುಕ್ಕು ರೋಗವನ್ನು ತಡೆದುಕೊಳ್ಳುವ ಡಿಎಸ್‌ಬಿ–21 ಎಂಬ ಸೋಯಾ ಅವರೆ ತಳಿ ರೂಪುಗೊಂಡದ್ದು ಅಲ್ಲಿಯೇ, ಮತ್ತು ಅಂಥದೊಂದು ತಳಿಯ ಹಿಂದೆ ಯಾವ ಪ್ರಯೋಗಾಲಯಕ್ಕೂ ಕಡಿಮೆಯಿಲ್ಲದ ವರ್ಷಗಟ್ಟಲೆಯ ಸಂಶೋಧನೆ ಇರುತ್ತದೆ. ಹಾಗೆಯೇ 1909ರಲ್ಲಿ ಸ್ಥಾಪನೆಯಾದ ವಿಜ್ಞಾನ ಸಂಸ್ಥೆಯೂ ಹಳ್ಳಿಗೆ ಬೆನ್ನು ತಿರುಗಿಸಿ ಕುಳಿತ ಸಂಸ್ಥೆಯಲ್ಲ. ನಮ್ಮ ಎಷ್ಟೋ ಅಡುಗೆಮನೆಗಳ ಹೊಗೆಯನ್ನು ತಗ್ಗಿಸಿದ ಅಸ್ತ್ರ ಒಲೆ ಬಂದದ್ದು ಅಲ್ಲಿಂದ.

ಇನ್ನು ತಂದೆಯವರ ಲೆಕ್ಕ. ಅದನ್ನು ಹಳ್ಳಿಯವರ ಸಣ್ಣ ಆಸೆಯೆಂದು ತಳ್ಳಿಹಾಕಬೇಡಿ, ಏಕೆಂದರೆ ಅದರಲ್ಲಿ ಒಂದು ಮುಖ್ಯವಾದ ಸತ್ಯವಿದೆ. ರಾಜ್ಯದ ಕೃಷಿ ಇಲಾಖೆಯ ಅಧಿಕಾರಿ ಹುದ್ದೆಗಾಗಲಿ, ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗಾಗಲಿ ಕೇಳುವುದು ಕೃಷಿ ಮತ್ತು ಅದಕ್ಕೆ ಹೊಂದಿಕೊಂಡ ಪದವಿಗಳನ್ನು. ವಿಜ್ಞಾನ ಸಂಸ್ಥೆಯ ಪದವಿ ಎಷ್ಟೇ ದೊಡ್ಡದಾದರೂ ಅಲ್ಲಿ ನಡೆಯುವುದಿಲ್ಲ. ಆದರೆ ಆ ಲೆಕ್ಕದಲ್ಲಿ ಸೇರದಿರುವ ಸಂಗತಿಯೂ ಒಂದಿದೆ: 2024ರಲ್ಲಿ ಕೆಪಿಎಸ್‌ಸಿ 945 ಕೃಷಿ ಅಧಿಕಾರಿ ಮತ್ತು ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದದ್ದು ನಿಜವಾದರೂ, ಅಂಥ ಅಧಿಸೂಚನೆ ಪ್ರತಿವರ್ಷ ಬರುವುದಿಲ್ಲ, ಬಂದಾಗ ನಿಮ್ಮೊಂದಿಗೆ ಅರ್ಜಿ ಹಾಕುವವರು ಹಲವು ವರ್ಷಗಳಿಂದ ಕಾಯುತ್ತಿರುವ ಪದವೀಧರರೆಲ್ಲರೂ ಆಗಿರುತ್ತಾರೆ. ಸಂಶೋಧನೆಗೆ ಹೋದವರು ಮೂವತ್ತು ದಾಟಿದರೂ ಮನೆಯವರ ಕೈ ನೋಡುತ್ತಾರೆಂಬ ಭಯ ತಂದೆಯವರಿಗಿದ್ದರೆ, ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದು ಪಿಎಚ್.ಡಿ. ಮಾಡುವವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆಯೆಂಬುದನ್ನು ತಿಳಿಸಿ. ತಾಯಿಯವರ ಭಯಕ್ಕೆ ಮಾತಿಗಿಂತ, ಒಮ್ಮೆ ಅವರನ್ನು ಕರೆದುಕೊಂಡು ಹೋಗಿ ವಿಜ್ಞಾನ ಸಂಸ್ಥೆಯ ಆವರಣದೊಳಗೇ ಇರುವ ಹಾಸ್ಟೆಲ್ಲನ್ನು ತೋರಿಸುವುದು ಒಳ್ಳೆಯ ಉತ್ತರ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹೆಚ್ಚು ಔಷಧಿ ಕಂಡ ಹೊಲ ಮೊದಲು ಹಾಳಾಗುವುದು ವಿಚಿತ್ರವೇನಲ್ಲ. ಕೀಟನಾಶಕವು ಪೀಡೆಯ ಜೊತೆಗೆ ಅದನ್ನು ತಿಂದು ಬದುಕುವ ಮಿತ್ರಕೀಟಗಳನ್ನೂ ಕೊಲ್ಲುತ್ತದೆ, ಉಳಿದುಕೊಂಡ ಪೀಡೆ ತಡೆಯುವವರಿಲ್ಲದೆ ಮತ್ತೆ ಬೆಳೆಯುತ್ತದೆ. ಆದರೆ ನಿಮ್ಮ ಹೊಲದಲ್ಲಿ ಆದದ್ದು ಅದೇ ಹೌದೇ, ಅಥವಾ ನಾಟಿ ಮಾಡಿದ ದಿನ, ತಳಿ, ಗೊಬ್ಬರದ ಪ್ರಮಾಣ ಇವುಗಳಲ್ಲಿ ಯಾವುದಾದರೂ ಬೇರೆಯಾಗಿತ್ತೇ ಎಂದು ಕೇಳುತ್ತಾ ಹೋಗುವುದೇ ಕೀಟಶಾಸ್ತ್ರ, ಮತ್ತು ಕೃಷಿ ಪದವಿಯಲ್ಲಿ ಅದು ಬೇಸಾಯಶಾಸ್ತ್ರ, ಮಣ್ಣು ವಿಜ್ಞಾನ, ಸಸ್ಯರೋಗಶಾಸ್ತ್ರ ಮತ್ತು ತಳಿ ಅಭಿವೃದ್ಧಿಯ ಜೊತೆಗೇ ಬರುತ್ತದೆ. ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ಹಳ್ಳಿಯಲ್ಲಿ ಉಳಿದು ರೈತರೊಂದಿಗೆ ಕೆಲಸ ಮಾಡಬೇಕಾಗುತ್ತದೆ. ಪೇಟೆಯ ಸಹಪಾಠಿಗಳು ತಿಣುಕಾಡುವ ಆ ಘಟ್ಟದಲ್ಲಿ ಸಲೀಸಾಗಿ ನಡೆಯುವವರು ನಿಮ್ಮಂಥವರು. ವಿಜ್ಞಾನ ಸಂಸ್ಥೆಯ ದಾರಿ ಬೇರೆ. ಅಲ್ಲಿ ಜೀವವಿಜ್ಞಾನವನ್ನು ಆರಿಸಿಕೊಳ್ಳುವವರೂ ಆರಂಭದ ಸೆಮಿಸ್ಟರುಗಳಲ್ಲಿ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನಗಳನ್ನು ಗಟ್ಟಿಯಾಗಿ ಓದಬೇಕು, ನಾಲ್ಕನೆಯ ವರ್ಷ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಬೇಕು. ಕೀಟದ ದೇಹದೊಳಗೆ ವಿಷ ಹೇಗೆ ಕೆಲಸ ಮಾಡುತ್ತದೆ, ಯಾವ ಜೀನ್ ಬದಲಾಗಿ ಕೀಟಕ್ಕೆ ನಿರೋಧಕ ಶಕ್ತಿ ಬಂತು ಎಂದು ಕೇಳುವವರಿಗೆ ಅದಕ್ಕಿಂತ ಒಳ್ಳೆಯ ತರಬೇತಿ ಈ ದೇಶದಲ್ಲಿ ಸುಲಭವಾಗಿ ಸಿಗದು. ನೀವು ಕೇಳುತ್ತಿರುವುದು ಜೀನಿನ ಪ್ರಶ್ನೆಯನ್ನಲ್ಲ, ಹೊಲದ ಪ್ರಶ್ನೆಯನ್ನು.

ಆದ್ದರಿಂದ ನನ್ನ ಸಲಹೆ ಧಾರವಾಡದ ಕಡೆಗಿದೆ. ನಿಮ್ಮ ಉಪನ್ಯಾಸಕರಿಗೆ ಇದು ಹಿಡಿಸಲಿಕ್ಕಿಲ್ಲ. ಹೀಗೆ ಹೇಳಲು ಇನ್ನೊಂದು ಕಾರಣವೂ ಇದೆ: ಧಾರವಾಡದಿಂದ ವಿಜ್ಞಾನ ಸಂಸ್ಥೆಗೆ ಮುಂದೆ ಹೋಗುವ ದಾರಿ ತೆರೆದಿರುತ್ತದೆ, ಅಲ್ಲಿಂದ ಕೃಷಿಗೆ ಮರಳುವ ದಾರಿ ಬಹಳ ಕಿರಿದು. ಪಿಯುಸಿಯಲ್ಲಿ ಗಣಿತ ಓದಿದ ಕೃಷಿ ಪದವೀಧರರು ವಿಜ್ಞಾನದ ಸ್ನಾತಕೋತ್ತರ ಪ್ರವೇಶಕ್ಕಾಗಿ ನಡೆಯುವ ಜ್ಯಾಮ್ ಪರೀಕ್ಷೆ ಬರೆದು ಅದೇ ಸಂಸ್ಥೆಯ ಜೀವವಿಜ್ಞಾನದ ಇಂಟಿಗ್ರೇಟೆಡ್ (ಸ್ನಾತಕೋತ್ತರ ಪದವಿಯೂ ಸೇರಿರುವ) ಪಿಎಚ್.ಡಿ.ಗೆ ಅರ್ಜಿ ಹಾಕಬಹುದು, ಆದರೆ ಎಂ.ಎಸ್ಸಿ. ಕೃಷಿಗೆ ಸಾಮಾನ್ಯವಾಗಿ ಕೃಷಿ ಪದವಿಯನ್ನೇ ಕೇಳುತ್ತಾರೆ. ಪದವಿಯ ನಡುವೆಯೇ ಪ್ರಯೋಗಾಲಯದ ಕೆಲಸ ಹೇಗಿರುತ್ತದೆಂದು ನೋಡಬೇಕೆನಿಸಿದರೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ನೀಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ. ಆಯ್ಕೆಯಾದರೆ ಎರಡು ತಿಂಗಳು ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡಬಹುದು.

ಧಾರವಾಡದ ಕೊರತೆಯನ್ನೂ ಮುಚ್ಚಿಡುವುದಿಲ್ಲ. ಕೃಷಿ ಪದವಿಯಲ್ಲಿ ವಿಷಯಗಳು ಬಹಳ, ಒಂದೊಂದಕ್ಕೂ ಸಿಗುವ ಸಮಯ ಕಡಿಮೆ. ರೆಕಾರ್ಡ್ ಪುಸ್ತಕ ತುಂಬಿಸಿ, ಹಳೆಯ ಪ್ರಶ್ನೆಪತ್ರಿಕೆ ಓದಿ ಪಾಸಾಗುವುದು ಎಲ್ಲ ಕಡೆಯಂತೆ ಅಲ್ಲಿಯೂ ಸಾಧ್ಯ, ಮತ್ತು ಸುತ್ತಲಿನ ಗೆಳೆಯರಲ್ಲಿ ಹಲವರು ಮೊದಲ ವರ್ಷದಿಂದಲೇ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಹಿಡಿದಿರುತ್ತಾರೆ. ಕೀಟಶಾಸ್ತ್ರ ವಿಭಾಗದ ಅಧ್ಯಾಪಕರನ್ನು ನೀವೇ ಹುಡುಕಿಕೊಂಡು ಹೋಗಿ, ಅವರ ಸಂಶೋಧನಾ ತಾಕುಗಳಲ್ಲಿ ಕೆಲಸ ಕೇಳಬೇಕು. ಯಾರೂ ತಾವಾಗಿ ಕರೆಯುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಕೆಲಸ ಮನೆಯಲ್ಲಿದೆ. ನೀವು ಧಾರವಾಡಕ್ಕೆ ಹೊರಟರೆ ತಂದೆಯವರು ತಮ್ಮ ಮಾತು ನಡೆಯಿತೆಂದು ತಿಳಿಯುತ್ತಾರೆ, ನಾಲ್ಕು ವರ್ಷ ಕಳೆದ ಮೇಲೆ ನೀವು ಎಂ.ಎಸ್ಸಿ. ಎಂದಾಗ ಮೋಸಹೋದವರಂತೆ ನೊಂದುಕೊಳ್ಳುತ್ತಾರೆ. ಹೋಗುತ್ತಿರುವುದು ಅಧಿಕಾರಿಯ ಕುರ್ಚಿಗಾಗಿ ಅಲ್ಲ, ಆ ವರ್ಷ ನಮ್ಮ ಮೆಣಸಿನ ಗಿಡಗಳಿಗೆ ಏನಾಯಿತೆಂದು ತಿಳಿಯುವುದಕ್ಕಾಗಿ ಎಂದು ಶುಲ್ಕ ಕಟ್ಟುವ ಮೊದಲೇ ಅವರೆದುರು ಹೇಳಿ. ಆ ನಷ್ಟವನ್ನು ಹೊತ್ತವರು ಅವರೇ ಆದ್ದರಿಂದ ನಿಮ್ಮ ಮಾತು ಅವರಿಗೆ ನೀವು ಅಂದುಕೊಂಡದ್ದಕ್ಕಿಂತ ಬೇಗ ಅರ್ಥವಾದೀತು.

ನನ್ನ ಸಲಹೆ ತಪ್ಪಾಗುವ ಸಂದರ್ಭವೂ ಒಂದಿದೆ. ಗಣಿತದ ಮೇಲೆ ಪ್ರೀತಿಯಿಲ್ಲವೆಂದು ನೀವು ಬರೆದದ್ದು ಪಾಠ ಮಾಡಿದವರ ಮೇಲಿನ ಬೇಸರದಿಂದಾಗಿದ್ದರೆ, ಅಥವಾ ಕೋಶ ಮತ್ತು ಜೀನ್‌ಗಳ ಅಧ್ಯಾಯ ಓದುವಾಗ ಹೊತ್ತು ಹೋದದ್ದೇ ತಿಳಿಯಲಿಲ್ಲವೆಂದು ನಿಮಗೆ ನೆನಪಿದ್ದರೆ, ಈ ಪತ್ರವನ್ನು ಬದಿಗಿಟ್ಟು ಬೆಂಗಳೂರಿನ ಶುಲ್ಕ ಕಟ್ಟಿ.

ನಿರ್ಧಾರವಾಗುವವರೆಗೆ ವರ್ಗಾವಣೆ ಪತ್ರವನ್ನೂ ಮೂಲ ಅಂಕಪಟ್ಟಿಗಳನ್ನೂ ಯಾರ ಕೈಗೂ ಕೊಡಬೇಡಿ, ಮರಳಿ ಪಡೆಯಲು ಓಡಾಡಬೇಕಾಗುತ್ತದೆ. ಸಿಇಟಿ ಸೀಟನ್ನು ಒಪ್ಪಿಕೊಳ್ಳುವಾಗ ಯಾವ ಚಾಯ್ಸ್ ಒತ್ತಿದರೆ ಏನಾಗುತ್ತದೆಂಬುದನ್ನು ಪರೀಕ್ಷಾ ಪ್ರಾಧಿಕಾರದ ಸೂಚನೆಯಲ್ಲಿ ಓದಿಯೇ ಮುಂದುವರಿಯಿರಿ. ಬಿಡುವ ಸೀಟು ಯಾವುದೇ ಆಗಿರಲಿ, ಕೊನೆಯ ದಿನದವರೆಗೆ ಹಿಡಿದಿಟ್ಟುಕೊಳ್ಳದೆ ಕೂಡಲೇ ಬರೆದು ತಿಳಿಸಿ, ನಿಮ್ಮ ನಂತರದ ಕ್ರಮಾಂಕದಲ್ಲಿರುವವರ ಮನೆಯಲ್ಲಿಯೂ ಅದಕ್ಕಾಗಿ ಕಾಯುತ್ತಿರುತ್ತಾರೆ.