ಪ್ರತಿಕ್ರಿಯೆ: ಕನ್ನಡ ಮಾಧ್ಯಮದಿಂದ ಪಿಯು ಸೈನ್ಸ್‌ಗೆ ಹೋದ ಮಗಳು ಫೇಲಾಗುತ್ತಿದ್ದಾಳೆ, ಕಾಮರ್ಸ್‌ಗೆ ಬದಲಾಯಿಸಬೇಕಾ?

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಅಂಕ ತೆಗೆದವಳು ಫಿಸಿಕ್ಸ್ ಟೆಸ್ಟಿನಲ್ಲಿ ಫೇಲಾಗಲು ಬಹುಶಃ ಇಂಗ್ಲಿಷ್ ಪಾರಿಭಾಷಿಕ ಪದಗಳೇ ಕಾರಣ. ವಕ್ರೀಭವನ ಅವಳಿಗೆ ಗೊತ್ತು. ರಿಫ್ರ್ಯಾಕ್ಷನ್ ಅಂದರೆ ಅದೇ ಅಂತ ಹೊಳೆಯುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ.

ಮೊದಲು ತಪ್ಪಾದ ಪ್ರಶ್ನೆಗಳನ್ನೇ ಕನ್ನಡದಲ್ಲಿ ಕೇಳಿ ನೋಡಿ. ಉತ್ತರ ಹೇಳಿದರೆ ಭಾಷೆಯದೇ ತೊಡಕು. ಹೇಳದಿದ್ದರೆ ವಿಷಯವೇ ಅರ್ಥವಾಗಿಲ್ಲ, ಉಪನ್ಯಾಸಕರ ಹತ್ತಿರ ಮತ್ತೆ ಹೇಳಿಸಿಕೊಳ್ಳಬೇಕು.

ಭಾಷೆಯದಾದರೆ, ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ 10ನೇ ತರಗತಿ ವಿಜ್ಞಾನದ ಇಂಗ್ಲಿಷ್ ಪುಸ್ತಕ ಇಳಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಅವಳು ಓದಿದ ಪಾಠಗಳೇ ಅದರಲ್ಲೂ ಇವೆ. ಕನ್ನಡದ್ದನ್ನು ಪಕ್ಕದಲ್ಲಿಟ್ಟು ದಿನಕ್ಕೆ ಎರಡು ಪುಟ ಜೋರಾಗಿ ಓದಲಿ, ಪದಗಳನ್ನು ಜೋಡಿಯಾಗಿ ಬರೆದುಕೊಳ್ಳಲಿ. ಬೆಳಕು, ವಿದ್ಯುತ್ ಪಾಠಗಳಿಂದ ಶುರು ಮಾಡಿದರೆ ಒಳ್ಳೆಯದು. ಸುಮ್ನೆ ಬಾಯಿಪಾಠ ಮಾಡಿಸಬೇಡಿ. ಇನ್ನೊಂದು, ನಾಳೆಯ ಪಾಠದ ಹೊಸ ಪದಗಳನ್ನು ಹಿಂದಿನ ರಾತ್ರಿಯೇ ನೋಡಿಕೊಂಡು ಹೋಗಲಿ. ನಾನು ಕಂಡಂತೆ ಇದರಿಂದಲೇ ಮಕ್ಕಳಿಗೆ ಜಾಸ್ತಿ ಧೈರ್ಯ ಬರುತ್ತದೆ.

ಗಣಿತಕ್ಕೆ ಇದು ಅಷ್ಟು ನೆರವಾಗಲಿಕ್ಕಿಲ್ಲ. ಅಲ್ಲಿ ಲೆಕ್ಕ ಮಾಡಿಯೇ ಕಲಿಯಬೇಕು.

ವಿಭಾಗ ಬದಲಾಯಿಸಲು ಕೊನೆಯ ದಿನ ಯಾವುದು ಅಂತ ಕಾಲೇಜಿನಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ಅಲ್ಲಿಯವರೆಗೆ ಹೀಗೆ ಓದಿಸಿ ನೋಡಿ, ಆಮೇಲೆ ಅವಳನ್ನೇ ಕೇಳಿ ತೀರ್ಮಾನಿಸಿ.