ಮೊಬೈಲ್ ಕಿತ್ತುಕೊಂಡಿರಿ, ಸರಿ. ಮಗು ಹೊರಗೆ ಹೋಯಿತೇ?

ಈ ಸಲವೂ ಅರ್ಧಕ್ಕರ್ಧ ಪತ್ರಗಳದ್ದು ಒಂದೇ ಗೋಳು: ಮಕ್ಕಳ ಮೈನಸ್ ಪವರ್. ಒಂದಕ್ಕೆ ವಿವರವಾಗಿ ಬರೆಯುತ್ತೇನೆ. ಉಳಿದವರು ಬೇಸರಿಸಬೇಡಿ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಮೈನಸ್ 1.5 ಎಂದು ಗೊತ್ತಾದ ದಿನವೇ ಮೊಬೈಲ್, ಟಿವಿ ಬಂದ್ ಮಾಡಿದೆವು. ಈಗ ಬಿಡುವಾದಾಗಲೆಲ್ಲ ಬರೀ ಕಥೆಪುಸ್ತಕ, ಚಿತ್ರ ಬಿಡಿಸುವುದು. ಆದರೂ ಒಂದೇ ವರ್ಷದಲ್ಲಿ ಮೈನಸ್ 2.5 ಆಗಿದೆ. ಎಲ್ಲಿ ತಪ್ಪಿದೆವು? ಐದು ವರ್ಷದ ಮಗನಿಗೂ ಬರುತ್ತದೆಯೇ?

ಉತ್ತರ: ಕೈಯಲ್ಲಿದ್ದ ವಸ್ತು ಬದಲಾಯಿತು, ಕೂತ ಜಾಗ ಬದಲಾಗಲಿಲ್ಲ. ಪುಸ್ತಕ ಎಂದು ಕಣ್ಣೇನೂ ರಿಯಾಯಿತಿ ಕೊಡುವುದಿಲ್ಲ. ಗೇಣು ದೂರದಲ್ಲಿ ಹಿಡಿದು ಗಂಟೆಗಟ್ಟಲೆ ನೋಡಿದರೆ ಅದೂ ಒಂದೇ, ಇದೂ ಒಂದೇ.

ಸಮೀಪದೃಷ್ಟಿಯಲ್ಲಿ, ಅಂದರೆ ಈ ಮೈನಸ್ ಪವರ್‌ನಲ್ಲಿ, ಕಣ್ಣು ಸೊರಗುವುದಿಲ್ಲ, ಉದ್ದವಾಗುತ್ತದೆ. ಕಣ್ಣುಗುಡ್ಡೆ ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಸುಮಾರು ಎರಡೂವರೆ ಪವರ್ ಏರಿತೆಂದೇ ಲೆಕ್ಕ. ಈ ಬೆಳವಣಿಗೆಗೆ ಲಗಾಮು ಹಾಕುವುದು ಬೆಳಕು. ಅಕ್ಷಿಪಟಲದಲ್ಲಿ (ಕಣ್ಣಿನ ಹಿಂಬದಿಯ ಪರದೆ) ಒಸರುವ ಡೋಪಮಿನ್ ಎಂಬ ರಾಸಾಯನಿಕ ಅದಕ್ಕೆ ಕಾರಣವಿರಬೇಕು ಎಂಬುದು ಸದ್ಯದ ತಿಳಿವಳಿಕೆ. ದೀಪ ಹಾಕಿದ ಕೋಣೆಯಲ್ಲಿ 300ರಿಂದ 500 ಲಕ್ಸ್ (ಬೆಳಕಿನ ಅಳತೆ) ಬೆಳಕು ಇದ್ದರೆ ಹೆಚ್ಚು. ಹೊರಗೆ, ಮರದ ನೆರಳಿನಲ್ಲೂ, ಸಾವಿರಗಳಲ್ಲಿ ಇರುತ್ತದೆ.

'ಇದು ವಂಶದಿಂದ ಬಂದದ್ದು ಬಿಡಿ' ಎನ್ನುವವರಿಗಾಗಿ ಒಂದು ಹೋಲಿಕೆ. ಸಿಂಗಪುರ ಮತ್ತು ಸಿಡ್ನಿಯಲ್ಲಿ ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಪರೀಕ್ಷಿಸಿದ ವರದಿ 2008ರಲ್ಲಿ ಬಂತು. ಸಿಂಗಪುರದಲ್ಲಿ ಶೇ. 29 ಮಕ್ಕಳಿಗೆ ಸಮೀಪದೃಷ್ಟಿ, ಸಿಡ್ನಿಯಲ್ಲಿ ಶೇ. 3ಕ್ಕೆ. ಅಪ್ಪ ಅಮ್ಮಂದಿರ ಕನ್ನಡಕದ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಸಮ. ಓದಿನಲ್ಲಿ ಸಿಡ್ನಿಯವರೇ ಮುಂದು! ಎದ್ದು ಕಂಡ ವ್ಯತ್ಯಾಸವೆಂದರೆ ಹೊರಗೆ ಕಳೆದ ಸಮಯ: ಸಿಡ್ನಿಯಲ್ಲಿ ವಾರಕ್ಕೆ ಸುಮಾರು 14 ಗಂಟೆ, ಸಿಂಗಪುರದಲ್ಲಿ 3. ಆಮೇಲೆ ಚೀನಾದ ಗುವಾಂಗ್‌ಝೌನ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚು ಹೊರಗೆ ಬಿಟ್ಟು ನೋಡಿದರು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಶೇ. 39.5ರ ಬದಲು ಶೇ. 30.4.

ಹಾಗಾಗಿ ಮಗನನ್ನು ದಿನಕ್ಕೆ ಎರಡು ಗಂಟೆ ಹೊರಗೆ ಬಿಡಿ. ಬರುವುದೇ ಇಲ್ಲ ಎಂದು ಬರೆದುಕೊಡಲಾರೆ; ತಡವಾಗಿ ಬಂದರೂ ಲಾಭವೇ. ಮಗಳ ಮಾತು ಬೇರೆ. ಪವರ್ ಬಂದ ಮೇಲೆ ಬರೀ ಆಟ ಸಾಲದು. ವರ್ಷಕ್ಕೆ ಒಂದು ಪವರ್ ಅಂದರೆ ವೇಗದ ಏರಿಕೆ. ಮೊದಲು, ಕಣ್ಣಿಗೆ ಹನಿ ಹಾಕಿ ಪರೀಕ್ಷೆ ಮಾಡಿದ್ದರೇ ಎಂದು ಕೇಳಿ. ಹನಿ ಹಾಕದೆ ನೋಡಿದರೆ ಮಕ್ಕಳಲ್ಲಿ ಮೈನಸ್ ಇರುವುದಕ್ಕಿಂತ ಹೆಚ್ಚು ಕಾಣಬಹುದು. ಏರಿಕೆ ನಿಜವಾದರೆ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ, ಇಲ್ಲವೇ ಏರಿಕೆ ತಗ್ಗಿಸುವ ವಿಶೇಷ ಲೆನ್ಸ್‌ಗಳಿವೆ. ಯಾವುದು ಎಂಬುದನ್ನು ಕಣ್ಣಿನ ಡಾಕ್ಟರೇ ಹೇಳಬೇಕು, ಪಕ್ಕದ ಮನೆಯವರ ಚೀಟಿ ಅಲ್ಲ. ಆರು ತಿಂಗಳಿಗೊಮ್ಮೆ ತಪಾಸಣೆ ತಪ್ಪಿಸಬೇಡಿ. ಮೈನಸ್ ಆರು ದಾಟಿದ ಕಣ್ಣುಗಳಲ್ಲಿ ಅಕ್ಷಿಪಟಲ ಕಳಚಿದ್ದನ್ನು ಕಂಡವನು ನಾನು.

ಪ್ರಶ್ನೆ: ಕನ್ನಡಕದ ಪವರ್ ಸ್ವಲ್ಪ ಕಡಿಮೆ ಇಟ್ಟರೆ ಏರುವುದು ನಿಲ್ಲುತ್ತದಂತೆ?

ಉತ್ತರ: ಮಲೇಷ್ಯಾದಲ್ಲಿ ಹಾಗೆ ಮಾಡಿ ನೋಡಿದರು. ಇನ್ನೂ ಬೇಗ ಏರಿತು.

ಪ್ರಶ್ನೆ: ಮೂರು ತಿಂಗಳ ಕಣ್ಣಿನ ವ್ಯಾಯಾಮದ ಕೋರ್ಸ್, ಕನ್ನಡಕ ಬಿಡಿಸುವ ಗ್ಯಾರಂಟಿ ಇದೆ. ಸೇರಿಸಲೇ?

ಉತ್ತರ: ವ್ಯಾಯಾಮದಿಂದ ಉದ್ದದ ಕಣ್ಣು ಗಿಡ್ಡವಾಗುವಂತಿದ್ದರೆ ಎತ್ತರದವರು ಬಸ್ಕಿ ಹೊಡೆದೇ ಕುಳ್ಳರಾಗುತ್ತಿದ್ದರು. ಅವರು ಬಿಡಿಸುವುದು ನಿಮ್ಮ ಜೇಬನ್ನು. ಅಷ್ಟರಲ್ಲಿ ಮಗು ಮೂರು ತಿಂಗಳು ಬೋರ್ಡ್ ಕಾಣದೆ ಕೂತಿರುತ್ತದೆ.

ಪ್ರಶ್ನೆ: ಕ್ಯಾರೆಟ್? ನೀಲಿ ಬೆಳಕು ತಡೆಯುವ ಗಾಜು?

ಉತ್ತರ: ತಿನ್ನಲಿ. ಬೇಡ.

ಪ್ರಶ್ನೆ: ಬಿಸಿಲಿಗೆ ಮಗು ಕಪ್ಪಾಗುವುದಿಲ್ಲವೇ?

ಉತ್ತರ: ನೆರಳಿನಲ್ಲೇ ಆಡಲಿ. ಟೋಪಿ ಹಾಕಿ.